ಪ್ರವೇಶ ಪರೀಕ್ಷೆಯಲ್ಲಿ ಫೇಲಾದವನ ಗಣಿತ

ನೌಕರಿಗೆ ಆನ್‌ಲೈನ್ ಅರ್ಜಿ ಹಾಕಿ ಶುಲ್ಕ ಕಟ್ಟುವಾಗ ವೆಬ್‌ಸೈಟಿನ ವಿಳಾಸ ‘ಎಚ್‌ಟಿಟಿಪಿಎಸ್’ ಎಂದು ಶುರುವಾಗಿದೆಯೇ ನೋಡಿ. ಹಾಗಿದ್ದರೆ ನಮ್ಮ ಮೊಬೈಲಿನಿಂದ ಸರ್ವರ್‌ಗೆ ಹೋಗುವ ಪಾಸ್‌ವರ್ಡ್, ಕಾರ್ಡ್ ನಂಬರ್‌ಗಳು ದಾರಿಯಲ್ಲಿ ಯಾರಿಗೂ ಅರ್ಥವಾಗದ ಗೂಢಲಿಪಿಯಾಗಿ ಸಾಗುತ್ತವೆ. ಇದರ ಹಿಂದಿರುವ ಗಣಿತದ ಒಂದು ಮುಖ್ಯ ಭಾಗ, ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಫೇಲಾದ ಹುಡುಗನದು.

ಎವಾರಿಸ್ಟ್ ಗಾಲ್ವಾ 1811ರಲ್ಲಿ ಪ್ಯಾರಿಸ್ ಬಳಿಯ ಸಣ್ಣ ಊರಿನಲ್ಲಿ ಹುಟ್ಟಿದ. ತಂದೆ ಆ ಊರಿನ ಮೇಯರ್. ಪ್ರತಿಷ್ಠಿತ ಎಕೋಲ್ ಪಾಲಿಟೆಕ್ನಿಕ್ ಸೇರುವುದು ಅವನ ಕನಸು. 1828ರಲ್ಲಿ ಸಿಗಲಿಲ್ಲ. ಮರುವರ್ಷ ತಂದೆ ಆತ್ಮಹತ್ಯೆ ಮಾಡಿಕೊಂಡರು. ಕೆಲವೇ ವಾರಗಳಲ್ಲಿ ಮತ್ತೆ ಪರೀಕ್ಷೆಗೆ ಕುಳಿತ ಮಗ ಮತ್ತೆ ಫೇಲಾದ. ಅಂಥ ಮನಃಸ್ಥಿತಿಯಲ್ಲಿ ಯಾರು ತಾನೇ ಪಾಸಾದಾರು?

ಆದರೂ 1830ರಲ್ಲಿ ಒಂದು ಲೇಖನ ಪ್ರಕಟಿಸಿದ. ಎಣಿಸಿ ಇಟ್ಟಷ್ಟೇ ಸದಸ್ಯರಿರುವ ಒಂದು ಗಣಿತಲೋಕ ಅದರ ವಿಷಯ. ಕಂಪ್ಯೂಟರಿನ ಒಂದು ಬೈಟ್‌ಗೆ 256 ಬೆಲೆಗಳಿವೆ. ಮಾಮೂಲಿ ಲೆಕ್ಕದಲ್ಲಿ 200ಕ್ಕೆ 100 ಕೂಡಿಸಿದರೆ ಆ ಮಿತಿ ದಾಟುತ್ತದೆ, 7ನ್ನು 2ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ. ಗಾಲ್ವಾನ ಲೆಕ್ಕದಲ್ಲಿ ಕೂಡಿದರೂ ಕಳೆದರೂ ಗುಣಿಸಿದರೂ ಉತ್ತರ ಆ 256ರೊಳಗೇ ಇರುತ್ತದೆ. ಸೊನ್ನೆ ಬಿಟ್ಟು ಯಾವುದರಿಂದ ಭಾಗಿಸಿದರೂ ಶೇಷವಿಲ್ಲ. ಅಂದರೆ ಇಲ್ಲಿ ಮಾಡಿದ ಗುಣಾಕಾರವನ್ನು ಚಾಚೂ ತಪ್ಪದೆ ಹಿಂದಕ್ಕೆ ಬಿಡಿಸಬಹುದು. ಗೂಢಲಿಪಿಗೆ ಬೇಕಾದದ್ದೂ ಇದೇ: ಕಲಸಿದ್ದು ಕೀ ಇದ್ದವನಿಗೆ ಹಾಗ್ಹಾಗೇ ಮರಳಿ ಸಿಗಬೇಕು.

2001ರಲ್ಲಿ ಅಮೆರಿಕ ಅಂಗೀಕರಿಸಿದ ಎಇಎಸ್ ಗೂಢಲಿಪಿ ಈ ಲೆಕ್ಕವನ್ನೇ ಬಳಸುತ್ತದೆ. ಅದನ್ನು ಬಳಸುವ ಒಂದು ಕ್ರಮಕ್ಕೆ ‘ಗಾಲ್ವಾ ಕೌಂಟರ್ ಮೋಡ್’ ಎಂದೇ ಹೆಸರು. ದಾರಿಯಲ್ಲಿ ಯಾರಾದರೂ ಒಂದು ಬಿಟ್ ಬದಲಿಸಿದರೂ ಸರ್ವರ್‌ಗೆ ಗೊತ್ತಾಗುವುದು ಈ ಕ್ರಮದಿಂದ.

ಬದುಕಿದ್ದಾಗ ಮಾತ್ರ ಅವನ ಅದೃಷ್ಟ ನೆಟ್ಟಗಿರಲಿಲ್ಲ. ಸಮೀಕರಣಗಳ ಬಗ್ಗೆ ಅಕಾಡೆಮಿಗೆ ಕೊಟ್ಟ ಪ್ರಬಂಧ ಫೂರಿಯೆ ಕೈ ಸೇರಿತು. ಫೂರಿಯೆ ತೀರಿಕೊಂಡರು, ಪ್ರಬಂಧ ಕಳೆದುಹೋಯಿತು. ಮತ್ತೆ ಬರೆದದ್ದನ್ನು 1831ರಲ್ಲಿ ಪುವಾಸೋನ್ ಅರ್ಥವಾಗುವಂತಿಲ್ಲವೆಂದು ತಿರಸ್ಕರಿಸಿದರು. ರಾಜಪ್ರಭುತ್ವದ ಕಟ್ಟಾ ವಿರೋಧಿಯಾಗಿದ್ದ ಅವನಿಗೆ ಜೈಲುವಾಸವೂ ಆಯಿತು.

1832ರ ಮೇ 30ರಂದು ದ್ವಂದ್ವಯುದ್ಧದಲ್ಲಿ ಗುಂಡೇಟು ತಿಂದು ಮರುದಿನ ತೀರಿಕೊಂಡ. ವಯಸ್ಸು 20. ಹಿಂದಿನ ರಾತ್ರಿ ಇಡೀ ಸಿದ್ಧಾಂತ ಬರೆದನೆಂಬ ಕಥೆ ರೋಚಕ, ಆದರೆ ಉತ್ಪ್ರೇಕ್ಷೆ. ಅಂದು ಬರೆದದ್ದು ಗೆಳೆಯ ಶೆವಾಲಿಯೆಗೊಂದು ಪತ್ರ, ಹಳೆಯ ಹಸ್ತಪ್ರತಿಗಳಲ್ಲಿ ಕೆಲವು ತಿದ್ದುಪಡಿ. 1846ರಲ್ಲಿ ಲಿಯೂವಿಲ್ ಎಂಬ ಗಣಿತಜ್ಞರು ಆ ಹಾಳೆಗಳನ್ನು ಅಚ್ಚು ಹಾಕಿಸಿದರು. ಪುವಾಸೋನ್ ತಿರಸ್ಕರಿಸಿದ್ದ ಪ್ರಬಂಧವೂ ಅದರಲ್ಲಿತ್ತು.