ಕುದುರೆಯ ಲಾಂಛನದ ವೈಮಾನಿಕ

ಹಿಂಗಾಲ ಮೇಲೆ ನಿಂತು ಮುಂಗಾಲೆತ್ತಿದ ಕರಿಯ ಕುದುರೆಯ ಚಿತ್ರವನ್ನು ಕಾಣದವರು ವಿರಳ. ಫೆರಾರಿ ಕಾರನ್ನು ಕಣ್ಣಾರೆ ನೋಡುವ ಭಾಗ್ಯ ನಮ್ಮ ಊರುಗಳ ಕಡೆಯವರಿಗೆ ಇಲ್ಲದಿದ್ದರೂ, ವಾರದ ಸಂತೆಯಲ್ಲಿ ಮಾರುವ ಅಂಗಿಗಳ ಎದೆಯ ಮೇಲೆ ಆ ಕುದುರೆ ಇರುತ್ತದೆ. ಆದರೆ ಅದು ಮೊದಲು ಕಾರಿನ ಕುದುರೆಯಲ್ಲ, ಯುದ್ಧವಿಮಾನದ ಕುದುರೆ. ಮೊದಲನೆಯ ಮಹಾಯುದ್ಧದಲ್ಲಿ ಇಟಲಿಯ ವೈಮಾನಿಕರಿಗೆಲ್ಲ ಅಗ್ರಗಣ್ಯನೆನಿಸಿದ ಫ್ರಾಂಚೆಸ್ಕೊ ಬರಾಕಾ ಎಂಬವನು ಅದನ್ನು ತನ್ನ ವಿಮಾನದ ಪಕ್ಕೆಯ ಮೇಲೆ ಬರೆಸಿಕೊಂಡಿದ್ದನು. ಗುರುತು ಲೋಕಪ್ರಸಿದ್ಧವಾಗಿ, ಗುರುತಿನ ಒಡೆಯ ಮಾತ್ರ ನಮ್ಮ ಕಡೆ ಅಪರಿಚಿತನಾಗಿಯೇ ಉಳಿದ ಈ ಸಂಗತಿಯೇ ನನ್ನನ್ನು ಆತನ ಚರಿತ್ರೆಯ ಕಡೆಗೆ ಎಳೆಯಿತು.

ಬರಾಕಾ 1888ನೆಯ ಇಸವಿ ಮೇ 9ರಂದು ಉತ್ತರ ಇಟಲಿಯ ಲೂಗೊ ಎಂಬ ಪಟ್ಟಣದಲ್ಲಿ ಜನಿಸಿದನು. ತಂದೆ ಎನ್ರಿಕೊ ಜಮೀನ್ದಾರ. ತಾಯಿ ಪಾವೊಲಿನಾ ಕುಲೀನ ಮನೆತನದವಳು. ಅವರಿಗೆ ಇವನೊಬ್ಬನೇ ಮಗ. 1907ರಲ್ಲಿ ಮೊಡೆನಾದ ಸೈನಿಕ ಶಾಲೆಗೆ ಸೇರಿ, ಅಲ್ಲಿಂದ ಅಶ್ವದಳಕ್ಕೆ ಹೋದನು. ಕುದುರೆ ಸವಾರಿಯಲ್ಲಿ ನಿಪುಣನೆನಿಸಿಕೊಂಡವನಿಗೆ ವಿಮಾನದ ಹುಚ್ಚು ಹಿಡಿಯಿತು. 1912ರಲ್ಲಿ ಫ್ರಾನ್ಸಿನ ರೀಮ್ಸ್ ನಗರಕ್ಕೆ ಹೋಗಿ ಹಾರಾಟ ಕಲಿತು ಅದೇ ಜುಲೈಯಲ್ಲಿ ವೈಮಾನಿಕನ ಪರವಾನಗಿ ಪಡೆದನು. ರೈಟ್ ಸೋದರರು ಮೊದಲ ಬಾರಿಗೆ ಹಾರಿ ಆಗಿನ್ನೂ ಒಂಬತ್ತು ವರ್ಷವೂ ತುಂಬಿರಲಿಲ್ಲವೆಂಬುದನ್ನು ವಾಚಕರು ನೆನೆಯಬೇಕು.

1915ರ ಮೇ ತಿಂಗಳಲ್ಲಿ ಇಟಲಿ ಆಸ್ಟ್ರಿಯ-ಹಂಗರಿಯ ಮೇಲೆ ಯುದ್ಧ ಸಾರಿತು. ವಿಮಾನವೆಂದರೆ ಮೇಲಿನಿಂದ ಶತ್ರುವಿನ ಠಾವು ನೋಡಿ ಬರುವ ಸಾಧನವೆಂದೇ ಸೇನಾಪತಿಗಳಲ್ಲಿ ಅನೇಕರು ಎಣಿಸಿದ್ದ ಕಾಲವದು. ಬರಾಕಾ ಹಾರಿಸುತ್ತಿದ್ದ ನ್ಯೂಪೋರ್ ವಿಮಾನದಲ್ಲಿ ಮೆಷಿನ್‌ಗನ್ನನ್ನು ಮೇಲಿನ ರೆಕ್ಕೆಯ ನೆತ್ತಿಯಲ್ಲಿ ಕೂರಿಸಿದ್ದರು. ಕೆಳಗೆ ಕೂರಿಸಿದರೆ ತನ್ನ ಗುಂಡು ತನ್ನ ಮುಂದೆಯೇ ತಿರುಗುವ ಪಂಖಕ್ಕೆ ಬಡಿಯುತ್ತಿತ್ತು. ಆ ವರ್ಷವೆಲ್ಲ ಶತ್ರುವಿನ ಸಮೀಪಕ್ಕೆ ಹೋದಾಗಲೆಲ್ಲ ಬಂದೂಕು ಸಿಕ್ಕಿಹಾಕಿಕೊಂಡು ಕೈಕೊಟ್ಟಿತು. ನೆಲದ ಮೇಲಾದರೆ ಮರೆ ಉಂಟು, ಹಳ್ಳಕೊಳ್ಳಗಳುಂಟು. ಬಟ್ಟಬಯಲಾದ ಆಕಾಶದಲ್ಲಿ ಬಾರದ ಬಂದೂಕನ್ನು ಹಿಡಿದು ಶತ್ರುವಿನೆದುರು ನಿಲ್ಲುವುದೆಂದರೇನೆಂದು ನಾನು ಬಹಳ ಹೊತ್ತು ಯೋಚಿಸಿದ್ದೇನೆ. ಬೆನ್ನಿಗೆ ಪ್ಯಾರಾಚೂಟ್ ಕೂಡ ಇರಲಿಲ್ಲ. ವಿಮಾನಕ್ಕೆ ಬೆಂಕಿ ಹತ್ತಿದರೆ ಒಳಗೆ ಬೇಯಬೇಕು, ಇಲ್ಲವೆ ಹೊರಕ್ಕೆ ಧುಮುಕಬೇಕು.

1916ರ ಏಪ್ರಿಲ್ 7ರಂದು ಬಂದೂಕು ಮಾತು ಕೇಳಿತು. ಬರಾಕಾ ಆಸ್ಟ್ರಿಯದ ವಿಮಾನವೊಂದರ ಬಾಲದ ಕೆಳಗೆ ನುಸುಳಿ, ಹತ್ತಿರದಿಂದ ಗುಂಡು ಹಾರಿಸಿ, ಅದನ್ನು ಇಟಲಿಯ ನೆಲದಲ್ಲೇ ಇಳಿಯುವಂತೆ ಮಾಡಿದನು. ಆಕಾಶಯುದ್ಧದಲ್ಲಿ ಇಟಲಿಗೆ ಅದು ಪ್ರಥಮ ವಿಜಯ. ಮುಂದಿನದನ್ನು ಓದಿದಾಗ ನನಗೆ ಹೆಚ್ಚು ಆಶ್ಚರ್ಯವಾಯಿತು. ಆತ ತನ್ನ ವಿಮಾನವನ್ನೂ ಹತ್ತಿರದಲ್ಲೇ ಇಳಿಸಿ ಸೆರೆಸಿಕ್ಕವರನ್ನು ನೋಡಲು ಹೋದನು. ಇದು ಒಂದು ದಿನದ ಉತ್ಸಾಹವಲ್ಲ. ತಾನು ಕೆಡವಿದ ಶತ್ರುಗಳು ಬದುಕಿದ್ದರೆ ಹೋಗಿ ಕಾಣುವುದು ಆತನ ರೂಢಿಯಾಯಿತು. ತಾನು ಗುರಿಯಿಡುವುದು ಯಂತ್ರಕ್ಕೆ, ಮನುಷ್ಯನಿಗಲ್ಲ ಎಂಬುದು ಆತನ ನಂಬಿಕೆಯಾಗಿತ್ತಂತೆ.

ಈ ನಂಬಿಕೆಯನ್ನು ಮೆಚ್ಚಬೇಕೋ ಬಿಡಬೇಕೋ ನನಗೆ ಇನ್ನೂ ತೀರ್ಮಾನವಾಗಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ರಜೆಯಲ್ಲಿ ಹೋದಾಗ ಓದಿದ್ದನ್ನು ಅಪ್ಪನಿಗೆ ಹೇಳುವುದುಂಟು. ಬರಾಕಾನ ಕಥೆ ಕೇಳಿದ ಅಪ್ಪ, ಯಂತ್ರ ಬಿದ್ದರೆ ಒಳಗಿದ್ದವನು ಬೀಳದೆ ಇರುತ್ತಾನೆಯೇ ಎಂದು ಕೇಳಿ ಎತ್ತಿಗೆ ನೀರು ಕುಡಿಸಲು ಎದ್ದುಹೋದರು. ಅದಕ್ಕೆ ಉತ್ತರವಿಲ್ಲ. ಆದರೂ, ಬಿದ್ದವನ ಮುಖವನ್ನು ಹೋಗಿ ನೋಡುವವನಿಗೂ ನೋಡದೆ ಲೆಕ್ಕವಷ್ಟೇ ಬರೆದುಕೊಳ್ಳುವವನಿಗೂ ಅಂತರವಿದೆಯೆಂದೇ ನನ್ನ ಭಾವನೆ.

1917ರಲ್ಲಿ ಆತನಿಗೆ ಫ್ರಾನ್ಸಿನ ಸ್ಪಾಡ್ ವಿಮಾನ ದೊರೆಯಿತು. ಇದರ ಬಂದೂಕು ಪಂಖದ ಅಲಗುಗಳ ನಡುವಿನಿಂದಲೇ ಗುಂಡು ಬಿಡುತ್ತಿತ್ತು. ಅಲಗು ಅಡ್ಡ ಬಂದ ಕ್ಷಣದಲ್ಲಿ ಗುಂಡು ಹೊರಡದಂತೆ ಎಂಜಿನ್ನೇ ತಡೆಯುವ ಏರ್ಪಾಡು ಅದರಲ್ಲಿತ್ತು. ಆ ಮೇ ತಿಂಗಳಲ್ಲಿ ಹುಟ್ಟಿದ 91ನೆಯ ದಳಕ್ಕೆ ನಿಪುಣರಾದ ವೈಮಾನಿಕರು ಬಂದು ಸೇರಿದರು. ಬರಾಕಾ ಅದರ ನಾಯಕನಾದನು. ಕುದುರೆಯ ಚಿತ್ರವನ್ನು ತನ್ನ ಹಳೆಯ ಅಶ್ವದಳದ ನೆನಪಿಗೆ ಬರೆಸಿದನೆಂದು ಬಹುಮಂದಿಯ ಮತ. ಆತ ಕೆಡವಿದ ಜರ್ಮನ್ ವೈಮಾನಿಕನೊಬ್ಬನ ವಿಮಾನದಿಂದ ಅದು ಬಂದಿತೆಂಬ ಕಥೆಯೂ ಉಂಟು. ಮೊದಲನೆಯದೇ ನನಗೆ ಸರಿತೋರುತ್ತದೆ. ಸವಾರನಿಗೆ ಕುದುರೆಯನ್ನು ಬೇರೆಯವರು ಕೊಡಬೇಕಾಗಿಲ್ಲ.

ಅಕ್ಟೋಬರಿನಲ್ಲಿ ಕಪೊರೆತ್ತೊ ಎಂಬಲ್ಲಿ ಇಟಲಿಯ ಸೇನೆ ಘೋರವಾಗಿ ಸೋತು ಪಿಯಾವೆ ನದಿಯವರೆಗೂ ಹಿಂದೆ ಸರಿಯಿತು. ದೇಶಕ್ಕೆ ದೇಶವೇ ಕುಗ್ಗಿದ ಆ ದಿನಗಳಲ್ಲೂ ಬರಾಕಾನ ವಿಜಯಗಳು ನಿಲ್ಲಲಿಲ್ಲ. ಡಿಸೆಂಬರಿನ ಹೊತ್ತಿಗೆ ಅವು 30 ಆದುವು. ಪತ್ರಿಕೆಗಳು ಹೊಗಳಿದುವು, ಪದಕಗಳು ಬಂದುವು.

1918ರ ಜೂನ್ 15ರಂದು ಆಸ್ಟ್ರಿಯದ ಸೇನೆ ಪಿಯಾವೆಯನ್ನು ದಾಟಿ ಮೊಂತೆಲ್ಲೊ ಗುಡ್ಡವನ್ನು ಹತ್ತಿತು. ಅಂದೇ ಬರಾಕಾ ಎರಡು ವಿಮಾನಗಳನ್ನು ಕೆಡವಿ ಲೆಕ್ಕವನ್ನು 34ಕ್ಕೆ ಏರಿಸಿದನು. ಇಟಲಿಯ ಇನ್ನಾವ ವೈಮಾನಿಕನೂ ಆ ಯುದ್ಧದಲ್ಲಿ ಅಷ್ಟು ಮುಟ್ಟಲಿಲ್ಲ. ಆದರೆ ಈಗ ಬೇಕಾದದ್ದು ಆಕಾಶದ ದ್ವಂದ್ವಯುದ್ಧವಾಗಿರಲಿಲ್ಲ. ತೀರ ಕೆಳಗೆ ಹಾರಿ, ಕಂದಕಗಳಲ್ಲಿದ್ದ ಕಾಲಾಳುಗಳ ಮೇಲೆ ಗುಂಡು ಸುರಿಸಬೇಕಿತ್ತು. ಇಲ್ಲಿ ಯಂತ್ರಕ್ಕೆ ಗುರಿಯಿಟ್ಟೆನೆಂಬ ಮಾತಿಗೆ ಎಡೆಯಿಲ್ಲ. ಕೆಳಗಿದ್ದವರು ಬರಿಯ ಮನುಷ್ಯರು. ಅವರಲ್ಲಿ ಯಾರು ಬಿದ್ದರೆಂದು ಇಳಿದು ನೋಡುವುದೂ ಸಾಧ್ಯವಿಲ್ಲ. ಆತನ ಮನಸ್ಸಿನಲ್ಲೇನಿತ್ತೋ, ಆಜ್ಞೆಯಿತ್ತು, ಹೋದನು.

ಜೂನ್ 19ರ ಸಂಜೆ ಒಸ್ನಾಗೊ ಎಂಬ ಕಿರಿಯ ವೈಮಾನಿಕನೊಡನೆ ಅದೇ ಕೆಲಸಕ್ಕೆ ಹೊರಟವನು ಮರಳಲಿಲ್ಲ. ಶತ್ರು ಹಿಮ್ಮೆಟ್ಟಿದ ಮೇಲೆ, ನಾಲ್ಕು ದಿನ ಕಳೆದು, ಗೆಳೆಯರು ಮೊಂತೆಲ್ಲೊದ ಇಳಿಜಾರಿನಲ್ಲಿ ಸುಟ್ಟ ವಿಮಾನವನ್ನೂ ಬಳಿಯಲ್ಲೇ ಆತನ ದೇಹವನ್ನೂ ಕಂಡರು. ತಲೆಯಲ್ಲಿ ಗುಂಡಿನ ಗಾಯವಿತ್ತು. ಕೆಳಗಿನ ಸಿಪಾಯಿಯೊಬ್ಬನ ಗುಂಡೋ, ಆಸ್ಟ್ರಿಯದ ವಿಮಾನದ್ದೋ, ಬೆಂಕಿಯಲ್ಲಿ ಬೇಯುವುದಕ್ಕಿಂತ ಲೇಸೆಂದು ತನ್ನ ಪಿಸ್ತೂಲಿನಿಂದ ತಾನೇ ಹಾರಿಸಿಕೊಂಡದ್ದೋ, ಈ ವಾದ ನೂರು ವರ್ಷ ಕಳೆದರೂ ಮುಗಿದಿಲ್ಲ. ಕೆಡವಿದವರ ಮುಖವನ್ನು ಹುಡುಕಿಕೊಂಡು ಹೋಗುತ್ತಿದ್ದವನನ್ನು ಕೆಡವಿದ ಮುಖ ಯಾರಿಗೂ ಕಾಣಲಿಲ್ಲ. ಆಗ ಆತನಿಗೆ 30 ವರ್ಷ.

ಮುಂದೆ ಮುಸೊಲಿನಿಯ ಆಡಳಿತವು ಆತನನ್ನು ತನ್ನವನೆಂದು ಮೆರೆಯಿತು. 1936ರಲ್ಲಿ ಲೂಗೊದಲ್ಲಿ ವಿಮಾನದ ರೆಕ್ಕೆಯಾಕಾರದ ಭಾರಿ ಸ್ಮಾರಕ ಎದ್ದಿತು. ಸತ್ತವನು ಒಲ್ಲೆನೆನ್ನಲಾರ. ಅದಕ್ಕಿಂತ ತಾಯಿಯ ಸಂಗತಿ ನನ್ನ ಮನಸ್ಸಿಗೆ ಹತ್ತಿರವಾದುದು. 1923ರಲ್ಲಿ ರವೆನ್ನಾದ ಬಳಿ ಕಾರುಗಳ ಪಂದ್ಯವೊಂದನ್ನು ಗೆದ್ದ ಎಂಜೊ ಫೆರಾರಿ ಎಂಬ ತರುಣನಿಗೆ ಬರಾಕಾನ ತಂದೆಯ ಪರಿಚಯವಾಯಿತು, ಅನಂತರ ತಾಯಿಯದೂ. ಮಗನ ಕುದುರೆಯನ್ನು ಕಾರಿನ ಮೇಲೆ ಹಾಕಿಕೋ, ಒಳ್ಳೆಯದಾದೀತು ಎಂದು ಆಕೆ ಹೇಳಿದಳೆಂದು ಫೆರಾರಿಯೇ ಮುಂದೆ ಹೇಳಿಕೊಂಡಿದ್ದಾನೆ. ಆತ ಕುದುರೆಯ ಹಿಂದೆ ತನ್ನ ಊರಾದ ಮೊಡೆನಾದ ಹಳದಿ ಬಣ್ಣವನ್ನು ಸೇರಿಸಿದನು. 1932ರಲ್ಲಿ ಆ ಲಾಂಛನ ಆತನ ತಂಡದ ಕಾರುಗಳ ಮೇಲೆ ಓಡಿತು.

ಲೂಗೊದಲ್ಲಿ ಬರಾಕಾ ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿ ಒಂದು ಸ್ಪಾಡ್ ವಿಮಾನವನ್ನು ಇರಿಸಿದ್ದಾರೆ. ಆತ ಕೊನೆಯ ಬಾರಿ ಏರಿದ್ದು ಅದಲ್ಲ. ಅದು ಮೊಂತೆಲ್ಲೊದಲ್ಲಿ ಸುಟ್ಟುಹೋಯಿತು.