ಕಡಲ್ಗಾಲುವೆಯನ್ನು ಜಯಿಸಿದ ಈಜುಗಾರ್ತಿ ಆರತಿ ಸಾಹಾ

ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಏಷ್ಯಾ ಖಂಡದ ಪ್ರಥಮ ಮಹಿಳೆ ಆರತಿ ಸಾಹಾ ಅವರು 1940ರ ಸೆಪ್ಟೆಂಬರ್ 24ರಂದು ಕೊಲ್ಕತ್ತಾ ನಗರದ ಮಧ್ಯಮ ವರ್ಗದ ಬಂಗಾಳಿ ಕುಟುಂಬವೊಂದರಲ್ಲಿ ಜನಿಸಿದರು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಅವರು ಈಜು ಕಲಿತದ್ದು ಮನೆಯವರೊಂದಿಗೆ ಹೋಗುತ್ತಿದ್ದ ನದಿಯ ಸ್ನಾನಘಟ್ಟದಲ್ಲಿ. ಮಗಳ ಆಸಕ್ತಿಯನ್ನು ಗಮನಿಸಿದ ತಂದೆಯವರು ಆಕೆಯನ್ನು ಹಾಟ್‌ಖೋಲಾ ಈಜು ಸಂಘಕ್ಕೆ ಸೇರಿಸಿದರು. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಸಚಿನ್ ನಾಗ್ ಅವರು ಆಕೆಗೆ ತರಬೇತಿ ನೀಡಿದರು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಭಾರತದಿಂದ ತೆರಳಿದ ನಾಲ್ವರು ಮಹಿಳಾ ಸ್ಪರ್ಧಿಗಳಲ್ಲಿ ಆರತಿಯವರೂ ಒಬ್ಬರು. ಬ್ರೆಸ್ಟ್ ಸ್ಟ್ರೋಕ್ 200 ಮೀಟರ್ ಸ್ಪರ್ಧೆಗೆ ಇಳಿದಾಗ ಅವರಿಗೆ ಇನ್ನೂ ಹನ್ನೆರಡು ವರ್ಷ ತುಂಬಿರಲಿಲ್ಲ! ಪದಕ ಲಭಿಸಲಿಲ್ಲ.

ಫ್ರಾನ್ಸ್ ಮತ್ತು ಇಂಗ್ಲೆಂಡ್ ದೇಶಗಳ ನಡುವಿನ ಕಡಲ್ಗಾಲುವೆಯು ಅತಿ ಕಿರಿದಾದ ಭಾಗದಲ್ಲಿ ಸುಮಾರು 33 ಕಿಲೋಮೀಟರ್ ಅಗಲವಿದೆ. ಆದರೆ ಉಬ್ಬರವಿಳಿತದ ಸೆಳೆತವು ಈಜುಗಾರರನ್ನು ಪಕ್ಕಕ್ಕೆ ಒಯ್ಯುವುದರಿಂದ ವಾಸ್ತವದಲ್ಲಿ ಈಜಬೇಕಾದ ದೂರವು ಬಹಳ ಹೆಚ್ಚು. ನೀರಿಗಿಳಿಯುವ ವೇಳೆ ತಪ್ಪಿದರೆ ಲೆಕ್ಕವೆಲ್ಲ ತಪ್ಪುತ್ತದೆ. 1959ರ ಆಗಸ್ಟ್ 27ರಂದು ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಆರತಿಯವರಿಗೆ ಆದದ್ದು ಇದೇ. ಜೊತೆಗೆ ಬರಬೇಕಾಗಿದ್ದ ಮಾರ್ಗದರ್ಶಿ ದೋಣಿಯು ಸುಮಾರು ನಲವತ್ತು ನಿಮಿಷ ತಡವಾಗಿ ಬಂದಿತು. ಹಲವು ಗಂಟೆಗಳ ಕಾಲ ಈಜಿ, ಇಂಗ್ಲೆಂಡಿನ ತೀರವು ಕೆಲವೇ ಮೈಲಿಗಳಿರುವಾಗ ಎದುರು ಪ್ರವಾಹಕ್ಕೆ ಸಿಲುಕಿ ಅವರು ಪ್ರಯತ್ನವನ್ನು ಕೈಬಿಡಬೇಕಾಯಿತು. ತಡವಾದದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ಆರತಿಯವರು ಬರಿಗೈಯಲ್ಲಿ ಸ್ವದೇಶಕ್ಕೆ ಮರಳಲು ಒಪ್ಪಲಿಲ್ಲ. ಅಲ್ಲಿಯೇ ಉಳಿದು ಅಭ್ಯಾಸ ಮುಂದುವರಿಸಿ, ಅದೇ ವರ್ಷ ಸೆಪ್ಟೆಂಬರ್ 29ರಂದು ಫ್ರಾನ್ಸಿನ ಗ್ರಿ ನೇ ಭೂಶಿರದಿಂದ ಪುನಃ ನೀರಿಗಿಳಿದರು. ಅಲೆಗಳ ಹೊಡೆತದ ನಡುವೆ 16 ಗಂಟೆ 20 ನಿಮಿಷಗಳಲ್ಲಿ 42 ಮೈಲಿ ಈಜಿ ಇಂಗ್ಲೆಂಡಿನ ಸ್ಯಾಂಡ್‌ಗೇಟ್ ತೀರವನ್ನು ತಲುಪಿ, ಅಲ್ಲಿ ಭಾರತದ ತ್ರಿವರ್ಣ ಧ್ವಜವನ್ನು ಹಾರಿಸಿದರು. ಆಗ ಅವರ ವಯಸ್ಸು ಕೇವಲ 19.

1960ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು. ಈ ಪ್ರಶಸ್ತಿಗೆ ಪಾತ್ರರಾದ ದೇಶದ ಪ್ರಥಮ ಕ್ರೀಡಾಪಟು ಮಹಿಳೆ ಇವರೇ. ಕಡಲ್ಗಾಲುವೆ ಯಾತ್ರೆಯ ವ್ಯವಸ್ಥಾಪಕರಾಗಿದ್ದ ಡಾ. ಅರುಣ್ ಗುಪ್ತಾ ಅವರನ್ನು ವಿವಾಹವಾದ ಆರತಿಯವರು ಮುಂದೆ ರೈಲ್ವೆ ಇಲಾಖೆಯಲ್ಲಿ ಸೇವೆ ಸಲ್ಲಿಸಿದರು. 1994ರ ಆಗಸ್ಟ್ 23ರಂದು ಕಾಮಾಲೆ ರೋಗದಿಂದ ಬಳಲಿ ನಿಧನರಾದರು. 1999ರಲ್ಲಿ ಅಂಚೆ ಇಲಾಖೆಯು ಅವರ ಸ್ಮರಣಾರ್ಥ ಅಂಚೆ ಚೀಟಿಯನ್ನು ಹೊರತಂದಿತು.