ಅನ್ನದ ದಾರಿ ಅರಸಿದ ಹೆಲೆನ್ ಕೆಲರ್



ಹೆಲೆನ್ ಕೆಲರ್ ಅವರ ಹೆಸರನ್ನು ಕೇಳದವರು ನಿಮ್ಮಲ್ಲಿ ವಿರಳ. ಕೈಪಂಪಿನ ನೀರು ಅಂಗೈ ಮೇಲೆ ಸುರಿದಾಗ ಆ ಬಾಲೆ ಮೊದಲ ಶಬ್ದದ ಅರ್ಥವನ್ನರಿತ ಕಥೆ ಲೋಕಪ್ರಸಿದ್ಧವಾದುದು. ಆ ಬಳಿಕ ಆಕೆ ಎಂಬತ್ತೊಂದು ವರ್ಷ ಬಾಳಿದರು. ಆ ದೀರ್ಘ ಬಾಳು ಯಾವ ಕಾರ್ಯಕ್ಕಾಗಿ ಸವೆಯಿತೆಂಬುದನ್ನು ಮಾತ್ರ ಅನೇಕರು ಅರಿಯರು.

ಹೆಲೆನ್ 1880ರ ಜೂನ್ 27ರಂದು ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ರಾಜ್ಯದ ಟಸ್ಕಂಬಿಯಾದಲ್ಲಿ ಜನಿಸಿದರು. ಹತ್ತೊಂಬತ್ತನೆಯ ತಿಂಗಳಿನಲ್ಲಿ ಬಂದ ಜ್ವರ ಆಕೆಯ ಕಣ್ಣು ಕಿವಿಗಳೆರಡನ್ನೂ ಕಸಿದುಕೊಂಡಿತು. 1887ರಲ್ಲಿ ಗುರುಗಳಾಗಿ ಬಂದವರು ಆ್ಯನ್ ಸಲಿವನ್. ದೃಷ್ಟಿ ಮಂದವಾಗಿದ್ದ ಈಕೆ ಮ್ಯಾಸಚೂಸೆಟ್ಸ್ ರಾಜ್ಯದ ಬಡವರ ಆಶ್ರಯಗೃಹದಲ್ಲಿ ಬೆಳೆದು, ಹಟ ಹಿಡಿದು ಬೇಡಿಕೊಂಡು ಅಂಧರ ಶಾಲೆಯನ್ನು ಸೇರಿದವರು. ಗುರುವಿನ ಬೆರಳುಗಳೇ ಶಿಷ್ಯೆಗೆ ಗ್ರಂಥವಾದವು. 1904ರಲ್ಲಿ ಹೆಲೆನ್ ಪದವೀಧರೆಯಾದರು.

ಪದವಿಯೇನೋ ದೊರೆಯಿತು, ಅನ್ನ ದೊರೆಯಬೇಕಲ್ಲವೇ? ಗ್ರಂಥರಚನೆ ಮತ್ತು ಉಪನ್ಯಾಸಗಳ ಆದಾಯ ಸಾಲಲಿಲ್ಲ. ಧನಿಕ ಕಾರ್ನೆಗಿ ನೀಡಬಂದ ವರ್ಷಾಶನವನ್ನು ಮೊದಲು ನಿರಾಕರಿಸಿದವರು, 1913ರಲ್ಲಿ ಅನಿವಾರ್ಯವಾಗಿ ಸ್ವೀಕರಿಸಿದರು. 1920ರಿಂದ ಕೆಲವು ವರ್ಷ ವಿನೋದಮಂಡಲಿಗಳ ರಂಗಮಂಚವನ್ನೂ ಏರಿದರು. ವಿದ್ಯಾವಂತರಾದ ಅಂಧರಿಗೂ ಉದ್ಯೋಗವೇ ದೊಡ್ಡ ಕೊರತೆಯೆಂಬುದನ್ನು ಆಕೆ ಸ್ವಾನುಭವದಿಂದ ತಿಳಿದರು.

1906ರಲ್ಲಿಯೇ ಮ್ಯಾಸಚೂಸೆಟ್ಸ್ ಸರಕಾರ ಅಂಧರಿಗಾಗಿ ಆಯೋಗವೊಂದನ್ನು ರಚಿಸಿ, ಹೆಲೆನ್‌ರನ್ನು ಸದಸ್ಯೆಯನ್ನಾಗಿ ನೇಮಿಸಿತ್ತು. ಎಲ್ಲ ರಾಜ್ಯಗಳಲ್ಲಿಯೂ ಇಂಥ ಏರ್ಪಾಡು ಇರಲಿಲ್ಲ. 1924ರಿಂದ ಅಮೆರಿಕದ ಅಂಧರ ಪ್ರತಿಷ್ಠಾನದ ಪರವಾಗಿ ಆಕೆ ರಾಜ್ಯದಿಂದ ರಾಜ್ಯಕ್ಕೆ ಸಂಚರಿಸಿ, ಶಾಸಕರನ್ನು ಕಂಡು, ಅಂಧರ ಪರವಾಗಿ ವಾದಿಸಿದರು.

1935ರ ಸಾಮಾಜಿಕ ಭದ್ರತಾ ಶಾಸನದಲ್ಲಿ ಬಡ ಅಂಧರಿಗೆ ಸಹಾಯಧನ ಸೇರಿತು. ತಿಂಗಳಿಗೆ 30 ಡಾಲರುಗಳವರೆಗಿನ ಮೊತ್ತದಲ್ಲಿ ಅರ್ಧವನ್ನು ಕೇಂದ್ರ ಭರಿಸುತ್ತಿತ್ತು. ಎಷ್ಟು ಕೊಡಬೇಕೆಂಬುದನ್ನು ರಾಜ್ಯವೇ ನಿರ್ಧರಿಸುತ್ತಿತ್ತು. ಹೀಗಾಗಿ ಸಿರಿವಂತ ರಾಜ್ಯದ ಅಂಧನಿಗೆ ಹೆಚ್ಚು, ಬಡರಾಜ್ಯದ ಅಂಧನಿಗೆ ಕಡಿಮೆ. ಇನ್ನೊಂದು ತೊಡಕೂ ಇತ್ತು: ಹಿಂದಿನ ಒಂಬತ್ತು ವರ್ಷಗಳಲ್ಲಿ ಐದು ವರ್ಷ ತನ್ನಲ್ಲಿ ವಾಸಿಸಿರಬೇಕೆಂದು ರಾಜ್ಯವು ವಿಧಿಸಬಹುದಾಗಿತ್ತು. ವಲಸೆ ಬಂದವನ ಗತಿಯೇನು? 1944ರಲ್ಲಿ ಹೆಲೆನ್ ಸಂಸದೀಯ ಸಮಿತಿಯೆದುರು, ಎಲ್ಲರಿಗಿಂತ ಹಿಂದುಳಿದಿದ್ದ ಕಪ್ಪುಜನಾಂಗದ ಅಂಧರ ಹಾಗೂ ಕಣ್ಣುಕಿವಿಗಳೆರಡೂ ಇಲ್ಲದವರ ಪರವಾಗಿ ಸಾಕ್ಷ್ಯ ನುಡಿದರು. ದೇಶಕ್ಕೆಲ್ಲ ಒಂದೇ ಕನಿಷ್ಠ ಸಹಾಯಧನ ಜಾರಿಗೆ ಬಂದುದು 1974ರಲ್ಲಿ. ಅದನ್ನು ಕಾಣಲು ಹೆಲೆನ್ ಇರಲಿಲ್ಲ. 1968ರ ಜೂನ್ 1ರಂದೇ ದಿವಂಗತರಾಗಿದ್ದರು.

ಈ ಮಹನೀಯೆ 1955ರಲ್ಲಿ ನಮ್ಮ ದೇಶಕ್ಕೂ ಬಂದಿದ್ದರು. ನಮ್ಮಲ್ಲಿ 2016ರ ಕಾಯಿದೆಯು ಸರಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ಶೇಕಡಾ 4ಕ್ಕೆ ಕಡಿಮೆಯಿಲ್ಲದ ಮೀಸಲಾತಿಯನ್ನು ವಿಧಿಸಿದೆ. ತೀವ್ರ ಅಂಗವೈಕಲ್ಯವುಳ್ಳ ಬಡವರಿಗೆ ಕೇಂದ್ರವು ಕೊಡುವ ಮಾಸಾಶನ 2012ರಲ್ಲಿ 300 ರೂಪಾಯಿಗೆ ಏರಿತು. ಅದಕ್ಕೆ ರಾಜ್ಯಗಳು ಸೇರಿಸುವ ಮೊತ್ತ ಒಂದೊಂದು ಕಡೆ ಒಂದೊಂದು ಬಗೆ. ವಾಸದ ದಾಖಲೆಯ ನಿಯಮವೂ ಉಂಟು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಇದರ ಕಷ್ಟ ಬೇಗ ಅರ್ಥವಾಗುತ್ತದೆ. ಗಡಿ ದಾಟಿದರೆ ಕುರುಡು ಕಳೆಯುವುದಿಲ್ಲ, ಹಸಿವೂ ಕಳೆಯುವುದಿಲ್ಲ.

ನಿಮ್ಮ ನೆರೆಯಲ್ಲಿ ಅಂಥವರೊಬ್ಬರಿದ್ದರೆ, ಕನಿಕರದ ಮಾತನಾಡಿ ಸುಮ್ಮನಾಗಬೇಡಿರಿ. ಇಲ್ಲಿಯ ಭಾಷೆಯನ್ನು ಬಲ್ಲ ನೀವು ಅವರ ಅರ್ಜಿಯನ್ನು ಬರೆದುಕೊಡಿರಿ. ಕಚೇರಿಗೆ ಜೊತೆಯಾಗಿ ಹೋಗಿರಿ. ಹೆಲೆನ್ ಕೆಲರ್ ಅವರ ಸ್ಮರಣೆಗೆ ಅದೇ ತಕ್ಕ ಕಾಣಿಕೆ.